ಒಳ್ಳೆಯದಿದ್ದರೆ ಮಾತ್ರ ಹೇಳು

ಸೆಪ್ಟೆಂಬರ್ ೪

ಅಕ್ಕ,

ಕಾಗದ ನೋಡಿ ಗಾಬರಿಯಾಗಬೇಡ, ಏನೂ ಆಗಿಲ್ಲ. ಅಮ್ಮ ಹೋದ ಮೇಲೆ ಈ ಮೂರು ವರ್ಷದಲ್ಲಿ ನಾವಿಬ್ಬರೂ ಫೋನಿನಲ್ಲಿ ಆಡಿದ ಮಾತನ್ನೆಲ್ಲ ಗುಡ್ಡೆ ಹಾಕಿದರೂ ಅರ್ಧ ಪುಟ ತುಂಬುವುದಿಲ್ಲ. ‘ಊಟ ಆಯ್ತಾ?’ ‘ಆಯ್ತು. ನಿಂದು?’ ‘ಹೂಂ.’ ಆಮೇಲೆ ಇಬ್ಬರೂ ಉಸಿರಾಡುವುದು ಕೇಳಿಸುತ್ತದೆ. ಬರೆದರೆ ಎರಡು ಮಾತು ಹೆಚ್ಚು ಬರಬಹುದು ಎಂದು ಕೂತಿದ್ದೇನೆ.

ನಾನು ಏನು ಓದುತ್ತಿದ್ದೇನೆ ಎಂದು ನೀನು ಮೂರು ಸಲ ಕೇಳಿದ್ದೀಯ. ಮೂರು ಸಲವೂ ‘ಡಿಎನ್‌ಎ, ಕಂಪ್ಯೂಟರ್’ ಎಂದು ಹಾರಿಸಿಬಿಟ್ಟೆ. ಈಗ ಸರಿಯಾಗಿ ಹೇಳುತ್ತೇನೆ. ನಮ್ಮ ಒಂದೊಂದು ಜೀವಕೋಶದಲ್ಲೂ ಮುನ್ನೂರು ಕೋಟಿ ಅಕ್ಷರಗಳ ಬರಹವಿದೆ. ಬಳಸುವ ಅಕ್ಷರ ಮಾತ್ರ ನಾಲ್ಕೇ: ಎ, ಸಿ, ಜಿ, ಟಿ. ಯಂತ್ರ ಅದನ್ನು ಚೂರು ಚೂರಾಗಿ ಓದಿ ಕೊಡುತ್ತದೆ. ಯಾವ ಚೂರು ಎಲ್ಲಿಗೆ ಸೇರಿದ್ದು ಎಂದು ಕಂಪ್ಯೂಟರಿನಲ್ಲಿ ಹೊಂದಿಸಿ, ಎಲ್ಲಿ ಅಕ್ಷರ ಬದಲಾಗಿದೆ ಎಂದು ಹುಡುಕುವುದು ನಮ್ಮ ಪಾಠ. ತರಗತಿ ನೆಲಮಾಳಿಗೆಯಲ್ಲಿದೆ. ಇಪ್ಪತ್ತೆರಡು ಕಂಪ್ಯೂಟರ್, ಒಂದೂ ಕಿಟಕಿ ಇಲ್ಲ. ಯಂತ್ರಗಳಿಗೆ ಸೆಕೆಯಾಗಬಾರದೆಂದು ನಾವು ಸ್ವೆಟರ್ ಹಾಕಿಕೊಂಡು ಕೂರುತ್ತೇವೆ.

ಈಗ ವಿಷಯ. ಪ್ರಾಕ್ಟಿಕಲ್‌ಗೆ ನಮ್ಮದೊಂದು, ಮನೆಯವರದೊಂದು ಎಂಜಲಿನ ಮಾದರಿ ಬೇಕಂತೆ. ಟ್ಯೂಬ್ ಮತ್ತು ಒಪ್ಪಿಗೆ ಪತ್ರ ಇದರ ಜೊತೆಗಿದೆ. ಹೆಸರು ಹಾಕುವುದಿಲ್ಲ, ನಂಬರ್ ಅಷ್ಟೇ. ಮೇಡಂ ಮೊದಲ ದಿನವೇ ಹೇಳಿದರು: ‘ಇದು ಕಲಿಯೋಕೆ ಮಾತ್ರ. ಯಾರ ಕಾಯಿಲೇನೂ ಇಲ್ಲಿ ಹುಡುಕಬೇಡಿ, ಅದಕ್ಕೆ ಆಸ್ಪತ್ರೆ ಇದೆ.’ ನಾನೂ ಹುಡುಕುವುದಿಲ್ಲ. ಅಮ್ಮನ ಫೈಲಿನ ಕೊನೆಯ ಹಾಳೆ ನಿನ್ನ ತಲೆಗೆ ಬಂದೇ ಬರುತ್ತದೆ, ಅದಕ್ಕೇ ಹೇಳಿದೆ. ಅವಳ ಕರುಳಿನ ಕ್ಯಾನ್ಸರಿಗೆ ಕಾರಣವಾದ ಆ ಒಂದು ಅಕ್ಷರ ಎಷ್ಟನೆಯದು ಎಂದು ಬರೆದ ಹಾಳೆ. ಅದು ಮಕ್ಕಳಿಗೂ ಬಂದಿರುವ ಸಾಧ್ಯತೆ ಅರ್ಧಕ್ಕರ್ಧ ಎಂದು ಡಾಕ್ಟರು ಹೇಳುತ್ತಿದ್ದಂತೆ ನೀನು ಎದ್ದು ಹೊರಗೆ ಹೋಗಿದ್ದೆ.

ನಾನು ಚೆನ್ನಾಗಿದ್ದೇನೆ. ದುಃಖವೂ ಇಲ್ಲ, ಖುಷಿಯೂ ಇಲ್ಲ. ಹಲ್ಲು ಕೀಳುವ ಮೊದಲು ಇಂಜೆಕ್ಷನ್ ಕೊಟ್ಟಾಗ ದವಡೆ ಇರುತ್ತದಲ್ಲ, ಹಾಗಿದ್ದೇನೆ.

ನಿನ್ನ,
ತಂಗಿ


ಸೆಪ್ಟೆಂಬರ್ ೧೫

ಕುಳ್ಳಿ,

ಎಂಜಲು ಕಳಿಸು ಎಂದು ಅಕ್ಕನಿಗೆ ಕಾಗದ ಬರೆದ ತಂಗಿ ಈ ಪ್ರಪಂಚದಲ್ಲಿ ನೀನೊಬ್ಬಳೇ ಇರಬೇಕು. ಕಳಿಸಿದ್ದೇನೆ, ತೆಗೆದುಕೋ. ಒಂದು ಟ್ಯೂಬ್ ತುಂಬಲು ಇಷ್ಟು ಹೊತ್ತು ಬೇಕೆಂದು ಗೊತ್ತಿರಲಿಲ್ಲ. ಊಟದ ಬಿಡುವಿನಲ್ಲಿ ನಮ್ಮ ಯೂನಿಫಾರ್ಮ್ ಕಾರ್ಖಾನೆಯ ಹಿಂಬಾಗಿಲಲ್ಲಿ ಕೂತು ಉಗಿಯುತ್ತಿದ್ದೆ. ನಮ್ಮ ಹೊಲಿಗೆ ಮೆಷಿನುಗಳನ್ನು ರಿಪೇರಿ ಮಾಡುವವರು ಬಂದು ನಿಂತರು. ನಾವೆಲ್ಲ ಅವರನ್ನು ಎಣ್ಣೆಡಬ್ಬಿ ಎಂದು ಕರೆಯುತ್ತೇವೆ, ಅವರಿಗೂ ಗೊತ್ತು.

‘ಏನ್ರೀ, ಅರ್ಧ ಗಂಟೆಯಿಂದ ಉಗೀತಾನೇ ಇದೀರಿ. ಯಾರ ಮೇಲೆ ಕೋಪ?’

‘ತಂಗಿ ಮೇಲೆ.’

‘ಸದ್ಯ, ನನ್ನ ಮೇಲಲ್ಲವಲ್ಲ,’ ಎಂದು ಹೋದರು.

ಅವರು ನನ್ನನ್ನು ಎರಡು ಸಲ ಕೇಳಿದ್ದಾರೆ ಕುಳ್ಳಿ, ಮದುವೆಯಾಗೋಣವೇ ಎಂದು. ನಾನು ಎರಡು ಸಲವೂ ಕತ್ತರಿ ಸಾಣೆ ಹಿಡಿಸಬೇಕು ಎಂದು ಎದ್ದು ಬಂದೆ. ದೊಡ್ಡ ಮಾವ ಇದೇ ಕಾಯಿಲೆಗೆ ನಲವತ್ತಕ್ಕೆ ಹೋದ. ಅಮ್ಮ ಐವತ್ತೆರಡಕ್ಕೆ ಹೋದಳು. ನನಗೆ ಮೂವತ್ತೊಂದು. ಎಷ್ಟು ವರ್ಷ ಓಡುತ್ತದೋ ಗೊತ್ತಿಲ್ಲದ ಮೆಷಿನನ್ನು ಒಬ್ಬ ಮೆಕಾನಿಕ್ಕಿನ ಕೊರಳಿಗೆ ಕಟ್ಟುವುದು ಅನ್ಯಾಯ. ನಗಬೇಡ.

ಕ್ಯಾಮೆರಾ ಪರೀಕ್ಷೆ ಜನವರಿ ಹನ್ನೆರಡಕ್ಕಿದೆ, ಇದು ಮೂರನೆಯ ವರ್ಷದ್ದು. ಕರುಳಿನೊಳಗೆ ಪೈಪು ಹಾಕಿ ನೋಡುವುದನ್ನಾದರೂ ತಡೆದುಕೊಳ್ಳಬಹುದು, ಹಿಂದಿನ ದಿನ ಹೊಟ್ಟೆ ಖಾಲಿ ಮಾಡಲು ಕುಡಿಸುವ ಆ ನೀರನ್ನು ನೆನೆದರೆ ಈಗಲೇ ವಾಕರಿಕೆ. ಅದು ಮುಗಿದು ‘ಏನಿಲ್ಲ, ಮುಂದಿನ ವರ್ಷ ಬನ್ನಿ’ ಎನ್ನುತ್ತಾರೆ. ಹನ್ನೊಂದು ತಿಂಗಳು ಹೇಗೋ ಕಳೆಯುತ್ತದೆ, ಹನ್ನೆರಡನೆಯದರಲ್ಲಿ ನಿದ್ದೆ ಬರುವುದಿಲ್ಲ.

ನೋಡುವುದಿಲ್ಲ ಎಂದು ಬರೆದಿದ್ದೀಯ. ನೀನು ನೋಡುತ್ತೀಯ. ಕಟ್ಟಿಟ್ಟ ಪೊಟ್ಟಣ ಬಿಚ್ಚದೆ ನೀನು ಒಂದು ದಿನ ಇದ್ದವಳಲ್ಲ. ನೋಡಿದರೆ, ಒಳ್ಳೆಯದಿದ್ದರೆ ಮಾತ್ರ ಹೇಳು. ಕೆಟ್ಟದ್ದಿದ್ದರೆ ಸುಮ್ಮನಿರು, ನಾನು ವರ್ಷಕ್ಕೊಮ್ಮೆ ಪೈಪು ಹಾಕಿಸಿಕೊಂಡು ಬದುಕಿಕೊಳ್ಳುತ್ತೇನೆ.

ಇಂತಿ ನಿನ್ನ,
ಅಕ್ಕ


ಡಿಸೆಂಬರ್ ೨೦

ಅಕ್ಕ,

ನೋಡಿದೆ.

ನಮ್ಮ ಮಾದರಿಗಳ ಫೈಲು ನಿನ್ನೆ ಕೈಗೆ ಬಂತು. ನಿನ್ನದು ಹದಿನೇಳನೆಯ ನಂಬರ್, ನನ್ನದು ಹದಿನಾರು. ಒಂದು ಜಾಗವನ್ನು ಹುಡುಕಿ ತೆಗೆಯುವ ಪಾಠ ಇನ್ನೂ ಆಗಿಲ್ಲ, ಆದರೆ ಪುಸ್ತಕ ನೋಡಿಕೊಂಡು ನಾನೇ ಹನ್ನೆರಡು ಸಾಲಿನ ಪ್ರೋಗ್ರಾಂ ಬರೆದೆ. ಅಮ್ಮನ ಹಾಳೆಯ ಫೋಟೋ ನನ್ನ ಫೋನಿನಲ್ಲಿತ್ತು, ಅದರಲ್ಲಿರುವ ಸಂಖ್ಯೆ ಹಾಕಿದೆ. ಆ ಜಾಗದಲ್ಲಿ ಎಲ್ಲರಿಗೂ ‘ಸಿ’ ಇರಬೇಕು. ಈ ಬರಹದ ಎರಡೆರಡು ಪ್ರತಿ ಎಲ್ಲರಲ್ಲೂ ಇರುತ್ತದೆ, ಅಪ್ಪನಿಂದ ಒಂದು, ಅಮ್ಮನಿಂದ ಒಂದು; ನಮ್ಮ ಅಮ್ಮನ ಎರಡು ಪ್ರತಿಗಳಲ್ಲಿ ಒಂದರಲ್ಲಿ ಅದು ‘ಟಿ’ ಆಗಿತ್ತು. ಯಂತ್ರ ನಿನ್ನ ಆ ಜಾಗವನ್ನು ಮೂವತ್ತೊಂದು ಸಲ ಓದಿದೆ. ಮೂವತ್ತೊಂದು ಸಲವೂ ‘ಸಿ’. ನನ್ನದು ಇಪ್ಪತ್ತೆಂಟು ಸಲ, ಇಪ್ಪತ್ತೆಂಟೂ ‘ಸಿ’.

ನಿನಗಿಲ್ಲ ಅಕ್ಕ. ನನಗೂ ಇಲ್ಲ.

ಕುಣಿಯಬೇಕು ಅನಿಸುತ್ತದೆ ಎಂದುಕೊಂಡಿದ್ದೆ. ಏನೂ ಅನಿಸಲಿಲ್ಲ. ಪರದೆ ಆರಿಸಿ, ಲೋಟ ತೊಳೆದು, ಊಟಕ್ಕೆ ಹೋದೆ. ಮೇಡಂಗೆ ಹೇಳಿಲ್ಲ, ನೀನೂ ಯಾರಿಗೂ ಹೇಳಬೇಡ.

ತಂಗಿ


ಜನವರಿ ೨

ನನ್ನ ಮುದ್ದು ಕುಳ್ಳಿ,

ನಿನ್ನ ಕಾಗದವನ್ನು ಕಟಿಂಗ್ ಟೇಬಲ್ಲಿನ ಮುಂದೆ ನಿಂತೇ ಓದಿದೆ, ಆಮೇಲೆ ನೆಲದ ಮೇಲೆ ಕೂತುಬಿಟ್ಟೆ. ನಲವತ್ತು ಪದರ ನೀಲಿ ಬಟ್ಟೆ ಟೇಬಲ್ಲಿನ ಮೇಲೆ ಹಾಗೇ ಹರಡಿಕೊಂಡಿತ್ತು. ಮಾಲೀಕರು ‘ತಲೆ ಸುತ್ತು ಬಂತಾ?’ ಎಂದು ನೀರು ತಂದರು. ಅಮ್ಮ ಸತ್ತಾಗ ಅಳದವಳು ನಾನು, ಮೂರು ವರ್ಷದ್ದೆಲ್ಲ ಅಲ್ಲೇ ಒಟ್ಟಿಗೆ ಅತ್ತೆ. ನಾನು ಬದುಕಿದ್ದೇನೆ ಕಣೇ.

ಆಸ್ಪತ್ರೆಗೆ ಫೋನು ಮಾಡಿ ಹನ್ನೆರಡನೆಯ ತಾರೀಖು ರದ್ದು ಮಾಡಿಸಿದೆ. ‘ಮತ್ತೆ ಯಾವತ್ತಿಗೆ ಬರ್ಕೊಳ್ಳಲಿ?’ ಎಂದಳು ಆ ಹುಡುಗಿ. ‘ಯಾವತ್ತಿಗೂ ಬೇಡಮ್ಮ’ ಎಂದೆ. ಅಷ್ಟು ಸುಖದ ಮಾತನ್ನು ನಾನು ಜನ್ಮದಲ್ಲಿ ಆಡಿರಲಿಲ್ಲ.

ಸಂಜೆ ಎಣ್ಣೆಡಬ್ಬಿ ಒಂದು ಮೆಷಿನ್ ಕೆಳಗೆ ಮಲಗಿದ್ದರು, ಕಾಲು ಮಾತ್ರ ಕಾಣುತ್ತಿತ್ತು. ನಾನು ಆ ಕಾಲಿನ ಹತ್ತಿರ ನಿಂತು ‘ಆಯ್ತು’ ಎಂದೆ.

‘ಎಲ್ಲಾಯ್ತು? ಇನ್ನೂ ಬೆಲ್ಟೇ ಹಾಕಿಲ್ಲ.’

‘ಮೆಷಿನ್ ಅಲ್ಲ ರೀ. ಮದುವೆ.’

ತಲೆ ಎತ್ತಿ ಮೆಷಿನಿಗೆ ಬಡಿಸಿಕೊಂಡರು. ಹಣೆಯ ಮೇಲೆ ಇನ್ನೂ ಗಾಯವಿದೆ. ಜೂನ್ ಮೊದಲ ವಾರ ನೋಂದಣಿ ಕಚೇರಿಯಲ್ಲಿ ಮದುವೆ. ನಿನ್ನ ಪರೀಕ್ಷೆ ಅಷ್ಟರೊಳಗೆ ಮುಗಿಯುತ್ತದಲ್ಲವೇ?

ಸಂತೋಷವಾಗಿರುವ,
ಅಕ್ಕ


ಫೆಬ್ರವರಿ ೨೧

ಅಕ್ಕ,

ಇವತ್ತು ಮೇಡಂ ಫೈಲುಗಳ ಲೆಕ್ಕದ ಪಾಠ ಮಾಡಿದರು. ಕೆಲವು ಫೈಲುಗಳು ಮೊದಲ ಅಕ್ಷರವನ್ನು ಒಂದು ಎಂದು ಎಣಿಸುತ್ತವೆ, ಕೆಲವು ಸೊನ್ನೆ ಎಂದು ಎಣಿಸುತ್ತವೆ. ಆಸ್ಪತ್ರೆಯ ವರದಿ ಒಂದರಿಂದ. ನಾವು ಬರೆಯುವ ಪ್ರೋಗ್ರಾಂ ಸೊನ್ನೆಯಿಂದ. ಅಲ್ಲಿಯದನ್ನು ಇಲ್ಲಿಗೆ ತರುವಾಗ ಒಂದು ಕಳೆಯಬೇಕು, ಇಲ್ಲದಿದ್ದರೆ ಪಕ್ಕದ ಅಕ್ಷರ ಸಿಗುತ್ತದೆ. ‘ಇದರಲ್ಲಿ ಎಡವದವರು ಯಾರೂ ಇಲ್ಲ. ಯಾರ್ಯಾರು ಎಡವಿದೀರಿ, ಕೈ ಎತ್ತಿ’ ಎಂದರು. ಎಲ್ಲರೂ ನಗುತ್ತ ಎತ್ತಿದರು, ನಾನೂ ಎತ್ತಿದೆ.

ತರಗತಿ ಖಾಲಿಯಾದ ಮೇಲೆ ಹಳೆಯ ಪ್ರೋಗ್ರಾಂ ತೆಗೆದೆ. ನಾನು ಒಂದು ಕಳೆದಿರಲಿಲ್ಲ. ಡಿಸೆಂಬರಿನಲ್ಲಿ ನಾನು ನೋಡಿದ್ದು ಪಕ್ಕದ ಅಕ್ಷರ. ಅಲ್ಲಿಯೂ ‘ಸಿ’ ಇದ್ದುದರಿಂದ ಅನುಮಾನ ಬರಲಿಲ್ಲ. ಒಂದು ಕಳೆದು ಮತ್ತೆ ಓಡಿಸಿದೆ.

ನನ್ನದು ಇಪ್ಪತ್ತೊಂಬತ್ತಕ್ಕೆ ಇಪ್ಪತ್ತೊಂಬತ್ತೂ ‘ಸಿ’. ನಿನ್ನದು ಹದಿನಾರು ‘ಸಿ’, ಹದಿನೈದು ‘ಟಿ’.

ಅಮ್ಮನಿಗಿದ್ದದ್ದು ನಿನಗಿದೆ.

ನಾಲ್ಕು ಸಲ ಓಡಿಸಿದೆ. ನಾಲ್ಕು ಸಲವೂ ಹದಿನಾರು, ಹದಿನೈದು. ಕೈ ತಣ್ಣಗಿತ್ತು, ಅಷ್ಟು ಬಿಟ್ಟರೆ ಏನೂ ಇಲ್ಲ. ಕಾವಲುಗಾರ ಬಂದು ‘ದೀಪ ಆರಿಸಬೇಕಮ್ಮ’ ಎಂದಾಗ ಎದ್ದು ಬಂದೆ. ಕೆಟ್ಟದ್ದಿದ್ದರೆ ಸುಮ್ಮನಿರು ಎಂದು ನೀನೇ ಬರೆದಿದ್ದೀಯ. ಆ ಕಾಗದವನ್ನು ತೆಗೆದು ಓದಿದೆ, ಹಾಗೇ ಬರೆದಿದ್ದೀಯ.

ಲಕೋಟೆ ಸಿಗುತ್ತಿಲ್ಲ. ನಾಳೆ ತಂದು ಹಾಕುತ್ತೇನೆ.

ತಂಗಿ


ಮಾರ್ಚ್ ೧೨

ಅಕ್ಕ,

ಕಾಗದ ತಡವಾಯಿತು. ಹಾಸ್ಟೆಲಿನ ನೀರಿನ ಟ್ಯಾಂಕ್ ಒಡೆದು ನಾಲ್ಕು ದಿನದಿಂದ ಬೆಳಗ್ಗೆ ಒಂದು ಗಂಟೆ ಮಾತ್ರ ನೀರು. ತರಗತಿಗೆ ಹೊಸ ಪರದೆ ಹಾಕಿದ್ದಾರೆ. ಪರೀಕ್ಷೆ ಮೇ ಹನ್ನೊಂದರಿಂದ ಇಪ್ಪತ್ತರವರೆಗೆ. ಪಾಠಗಳು ಪರವಾಗಿಲ್ಲ.

ಊಟ ಸರಿಯಾಗಿ ಮಾಡು.

ತಂಗಿ


ಮಾರ್ಚ್ ೨೭

ಕುಳ್ಳಿ,

ನಿನ್ನ ಕಾಗದ ಬಂತು. ನೀರು ಸರಬರಾಜಿನವರು ಗೋಡೆಗೆ ಅಂಟಿಸುವ ನೋಟೀಸಿನ ಹಾಗಿತ್ತು. ಅಕ್ಕನ ಮದುವೆಯ ಬಗ್ಗೆ ಒಂದು ಮಾತಿಲ್ಲ. ಯಾರಾದರೂ ಮನಸ್ಸು ಕದ್ದಿದ್ದರೆ ಹೇಳಿಬಿಡು, ಬಯ್ಯುವುದಿಲ್ಲ.

ಮದುವೆಯ ದಿನಕ್ಕೆ ನನ್ನ ಬಟ್ಟೆಯನ್ನು ನಾನೇ ಹೊಲಿಯುತ್ತಿದ್ದೇನೆ. ಜನವರಿಯಲ್ಲಿ ತೆಗೆದ ಅಳತೆ ಈಗ ಸಡಿಲ, ಸೊಂಟ ಒಂದೂವರೆ ಇಂಚು ಇಳಿದಿದೆ. ‘ಪ್ರೀತಿ ಮಾಡಿದವರು ಸಣ್ಣಗಾಗ್ತಾರೆ’ ಎನ್ನುತ್ತಾರೆ ಎಣ್ಣೆಡಬ್ಬಿ. ಹಾಗಾದರೆ ನೀವ್ಯಾಕೆ ಡ್ರಮ್ಮಿನ ಹಾಗಿದ್ದೀರಿ ಎಂದೆ. ಸಂಜೆಯ ಹೊತ್ತಿಗೆ ಕಾಲೆಳೆದುಕೊಂಡು ನಡೆಯುವಷ್ಟು ಸುಸ್ತು. ಶಾಲೆ ತೆರೆಯುವ ಮೊದಲಿನ ಹಂಗಾಮು, ಆರ್ಡರು ಜಾಸ್ತಿ, ಅದಕ್ಕೇ ಇರಬೇಕು.

ನಿನಗೂ ಒಂದು ಬಟ್ಟೆ ತೆಗೆದಿಟ್ಟಿದ್ದೇನೆ. ಅಳತೆ ಬರೆದು ಕಳಿಸು, ಮೊಳ ಹಾಕಿ ಅಲ್ಲ, ಟೇಪಿನಲ್ಲಿ.

ಅಕ್ಕ


ಏಪ್ರಿಲ್ ೩

ಅಕ್ಕ,

ಒಂದೂವರೆ ಇಂಚು ಎಂದು ಓದಿದ ಕೂಡಲೇ ನಿನಗೆ ಫೋನು ಮಾಡಿದೆ. ನೀನು ‘ಊಟ ಆಯ್ತಾ?’ ಎಂದೆ. ನಾನು ‘ಆಯ್ತು’ ಎಂದೆ. ಅದಕ್ಕಿಂತ ಮುಂದಕ್ಕೆ ಬಾಯಿ ಹೋಗಲಿಲ್ಲ. ಇದನ್ನು ಕೊರಿಯರಿನಲ್ಲಿ ಕಳಿಸುತ್ತಿದ್ದೇನೆ.

ಜೊತೆಗಿರುವುದು ಫೆಬ್ರವರಿ ಇಪ್ಪತ್ತೊಂದಕ್ಕೆ ಬರೆದ ಕಾಗದ. ಮೊದಲು ಅದನ್ನು ಓದು, ಓದಿ ಮುಗಿಸಿದ ತಕ್ಷಣ ಆಸ್ಪತ್ರೆಗೆ ಹೋಗು. ಸುಸ್ತು, ಸೊಂಟ, ಎಲ್ಲ ಹೇಳು. ಅಮ್ಮನ ಕೊನೆಯ ಹಾಳೆ ತೆಗೆದುಕೊಂಡು ಹೋಗು.

ಲಕೋಟೆ ಮರುದಿನವೇ ತಂದಿದ್ದೆ. ಅದು ಮೇಜಿನ ಮೇಲೇ ಇತ್ತು. ದಿನಾ ಅದರ ಪಕ್ಕದಲ್ಲಿ ಕೂತು ಓದುತ್ತಿದ್ದೆ. ಕೆಟ್ಟದ್ದಿದ್ದರೆ ಹೇಳಬೇಡ ಎಂದು ನೀನೇ ಬರೆದದ್ದನ್ನು ಹಿಡಿದುಕೊಂಡಿದ್ದೆ. ಮೂರು ವರ್ಷದ ಮೇಲೆ ನೀನು ಸಂತೋಷವಾಗಿರುವ ಅಕ್ಕ ಎಂದು ಸಹಿ ಮಾಡಿದ್ದೆ, ಅದನ್ನೂ ಹಿಡಿದುಕೊಂಡಿದ್ದೆ. ಭಯವಾಗಿತ್ತು ಎಂದು ಬರೆದರೆ ಚೆನ್ನಾಗಿರುತ್ತದೆ. ಭಯವೂ ಆಗಲಿಲ್ಲ. ಸುಮ್ಮನೆ ಹಾಕಲಿಲ್ಲ.

ತಂಗಿ


ಏಪ್ರಿಲ್ ೮

ಆಸ್ಪತ್ರೆಗೆ ಹೋಗಿದ್ದೆ. ಹದಿನೇಳಕ್ಕೆ ಕ್ಯಾಮೆರಾ.

ನಿನ್ನ ಎಣಿಕೆಯ ತಪ್ಪು ನನಗೆ ಅರ್ಥವಾಗುತ್ತದೆ. ಟೇಪಿನ ತುದಿ ಸವೆದಿದ್ದರೆ ನಾವೂ ಒಂದರ ಗೆರೆಯಿಂದ ಹಿಡಿಯುತ್ತೇವೆ, ಕೊನೆಯಲ್ಲಿ ಒಂದು ಸೇರಿಸಬೇಕು. ಅದನ್ನು ಮರೆತು ನಾನೇ ಒಮ್ಮೆ ಇನ್ನೂರು ಚಡ್ಡಿಗಳನ್ನು ಒಂದಿಂಚು ಗಿಡ್ಡ ಕತ್ತರಿಸಿದ್ದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಆದರೆ ಗೊತ್ತಾದ ಗಳಿಗೆಯಲ್ಲಿ ಕತ್ತರಿ ಕೆಳಗಿಟ್ಟು ಮಾಲೀಕರ ಹತ್ತಿರ ಹೋದೆ.

ಒಳ್ಳೆಯದಿದ್ದರೆ ಮಾತ್ರ ಹೇಳು ಎಂದದ್ದು ನಾನೇ, ಇಲ್ಲ ಎನ್ನುವುದಿಲ್ಲ. ಆದರೆ ನೀನು ಒಳ್ಳೆಯದು ಎಂದು ಹೇಳಿಬಿಟ್ಟಿದ್ದೆ. ನಾನು ಅದನ್ನು ನಂಬಿ ಪೈಪಿಗೆ ಬೇಡ ಎಂದೆ, ಮದುವೆಗೆ ಹೂಂ ಎಂದೆ. ನಲವತ್ತೊಂದು ದಿನ ನೀನು ದಿನಾ ಬೆಳಗ್ಗೆ ಎದ್ದು ಅದೇ ಸುಳ್ಳನ್ನು ಮತ್ತೆ ಹೇಳಿದ ಹಾಗಾಯಿತು. ನಡುವೆ ನೀರಿನ ಟ್ಯಾಂಕಿನ ಕಥೆ ಬೇರೆ.

ಎಣ್ಣೆಡಬ್ಬಿಗೆ ಎಲ್ಲ ಹೇಳಿದ್ದೇನೆ. ನನಗೆ ಸದ್ಯಕ್ಕೆ ಬರೆಯಬೇಡ.

ಅಕ್ಕ


ಮೇ ೬

ನಮಸ್ಕಾರ.

ನಾನು ಅವಳ ತಂಗಿ. ನಿಮ್ಮನ್ನು ನೋಡಿಲ್ಲ. ಭಾವ ಎಂದು ಕರೆಯಬಹುದೋ ಇಲ್ಲವೋ ಈಗ ಗೊತ್ತಿಲ್ಲ, ಅದಕ್ಕೇ ಬರೀ ನಮಸ್ಕಾರ. ನಿಮ್ಮ ಮನೆಯ ವಿಳಾಸ ತಿಳಿಯದು, ಕಾರ್ಖಾನೆಯ ವಿಳಾಸಕ್ಕೆ ಕಳಿಸುತ್ತಿದ್ದೇನೆ.

ಬರೆಯಬೇಡ ಎಂದಿದ್ದಾಳೆ, ಅವಳಿಗೆ ಬರೆಯುವುದಿಲ್ಲ. ಹದಿನೇಳರ ಪರೀಕ್ಷೆಯಲ್ಲಿ ಏನು ಬಂತು ಎಂದು ನೀವಾದರೂ ಒಂದು ಸಾಲು ಬರೆಯಿರಿ. ಫೋನು ಮಾಡಿದರೆ ಅವಳು ಎತ್ತುತ್ತಿಲ್ಲ.

ಇಲ್ಲಿ ಮೇಡಂಗೆ ಎಲ್ಲವನ್ನೂ ಒಪ್ಪಿಸಿದೆ. ‘ಎಣಿಕೆ ತಪ್ಪಿದರೆ ನಾನು ಕಲಿಸಬಲ್ಲೆ. ಆ ನಲವತ್ತೊಂದು ದಿನಕ್ಕೆ ನನ್ನ ಹತ್ತಿರ ಪಾಠ ಇಲ್ಲ’ ಎಂದರು. ನಿಯಮ ಮುರಿದದ್ದಕ್ಕೆ ಪ್ರಾಕ್ಟಿಕಲ್‌ನಲ್ಲಿ ಸೊನ್ನೆ ಕೊಟ್ಟಿದ್ದಾರೆ, ಮುಂದಿನ ವರ್ಷ ಮತ್ತೆ ಮಾಡಬೇಕು. ಅವರೇ ಕರೆದುಕೊಂಡು ಹೋಗಿ ಇಲ್ಲಿನ ಆಸ್ಪತ್ರೆಯಲ್ಲಿ ನನ್ನ ರಕ್ತವನ್ನೂ ಪರೀಕ್ಷೆ ಮಾಡಿಸಿದರು. ನನಗಿಲ್ಲ. ಆ ಹಾಳೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತಿದ್ದೆ. ಅಳು ಬರುತ್ತದೇನೋ ಎಂದು ಕಾದೆ. ಬರಲಿಲ್ಲ. ನಾನು ಹೀಗೇ ಉಳಿದುಬಿಡುತ್ತೇನೇನೋ ಎಂದು ಹೆದರಿಕೆಯಾಗಿದೆ.

ಇಂತಿ,
ಅವಳ ತಂಗಿ


ಮೇ ೧೯

ತಂಗಿಯವರಿಗೆ,

ಭಾವ ಎಂದೇ ಕರೆಯಿರಿ. ಮದುವೆ ಮುಂದಕ್ಕೆ ಹೋಗಿದೆ, ನಿಂತಿಲ್ಲ. ನನ್ನ ಅಕ್ಷರ ಕಾಗೆಕಾಲು ಗುಬ್ಬಿಕಾಲು, ಸಾವಕಾಶವಾಗಿ ಓದಿಕೊಳ್ಳಿ. ನಿಮ್ಮ ಕಾಗದ ಕಾರ್ಖಾನೆಯ ಕಚೇರಿಯಲ್ಲೇ ಉಳಿದು ಮೊನ್ನೆ ನನ್ನ ಕೈಗೆ ಬಂತು. ನಾವು ಆಸ್ಪತ್ರೆಯಲ್ಲಿದ್ದೇವೆ.

ಕ್ಯಾಮೆರಾದಲ್ಲಿ ಗಂಟು ಕಂಡಿತು. ತುಂಡು ತೆಗೆದು ನೋಡಿ ಕ್ಯಾನ್ಸರ್ ಎಂದರು. ಹನ್ನೆರಡನೆಯ ತಾರೀಖು ಆಪರೇಷನ್ ಮಾಡಿ ಒಂದು ಗೇಣು ಕರುಳು ತೆಗೆದಿದ್ದಾರೆ. ಗೋಡೆ ದಾಟಿಲ್ಲ, ಬೇರೆಲ್ಲಿಗೂ ಹರಡಿಲ್ಲ ಎಂದು ವರದಿ ನಿನ್ನೆ ಬಂತು. ಇನ್ನು ಔಷಧಿ ಬೇಕಾಗಲಾರದು, ಆದರೆ ಪರೀಕ್ಷೆ ಜೀವಮಾನ ಪೂರ್ತಿ ತಪ್ಪಿಸುವಂತಿಲ್ಲ ಎಂದಿದ್ದಾರೆ. ನಾನು ಮೂರು ವಾರದಿಂದ ಯಾವ ಮೆಷಿನನ್ನೂ ಸರಿಯಾಗಿ ಬಿಚ್ಚಿಲ್ಲ, ಬಿಚ್ಚಿದ್ದನ್ನು ಸರಿಯಾಗಿ ಕೂರಿಸಿಲ್ಲ. ನನಗೆ ಬಹಳ ಭಯವಾಗಿತ್ತು.

ನಿಮ್ಮ ಕಾಗದವನ್ನು ಅವರಿಗೆ ಓದಿ ಹೇಳಿದೆ. ಕೈಗೆ ಸೂಜಿ ಚುಚ್ಚಿದ್ದಾರೆ, ಬರೆಯಲಾಗುವುದಿಲ್ಲ. ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತಿದ್ದೇನೆ, ಬಿಡಬಾರದೆಂದು ಅಪ್ಪಣೆಯಾಗಿದೆ.

‘ಬರೀರಿ. ನಲವತ್ತೊಂದು ದಿನದಿಂದ ಏನೂ ವ್ಯತ್ಯಾಸ ಆಗ್ಲಿಲ್ಲ ಅಂದ್ರು ಡಾಕ್ಟ್ರು. ಜನವರೀಲೇ ಬಂದಿದ್ರೆ ಬರೀ ಪೈಪಲ್ಲೇ ಕಿತ್ತು ಹಾಕ್ತಿದ್ವೇನೋ, ಹೇಳೋಕಾಗಲ್ಲ ಅಂದ್ರು. ಅದನ್ನೂ ಬರೀರಿ, ಮುಚ್ಚಿಡಬೇಡಿ. ಮುಚ್ಚಿಟ್ಟಿದ್ದು ಸಾಕು. ಬರೆದ್ರಾ? ಡಾಕ್ಟ್ರಿಗೆ ವ್ಯತ್ಯಾಸ ಆಗ್ದೇ ಇರ್ಬಹುದು, ನನಗಾಗಿದೆ. ಇವಳನ್ನ ಎತ್ತಿ ಬೆಳೆಸಿದವಳು ನಾನು, ನನಗೇ ಹೇಳ್ಲಿಲ್ಲ. ಅವಳಿಗೆ ಅಳು ಬರಲ್ವಂತೆ. ನನಗೂ ಮೂರು ವರ್ಷ ಬಂದಿರ್ಲಿಲ್ಲ, ಅದೇನು ದೊಡ್ಡಸ್ತಿಕೆ ಅಲ್ಲ ಅಂತ ಬರೀರಿ. ಅವಳಿಗಿಲ್ಲ ಅಂತ ಆಸ್ಪತ್ರೆಯವ್ರೇ ಹೇಳಿದ್ದಾರಲ್ಲ, ಆ ಹಾಳೆ ತರೋಕೆ ಹೇಳಿ, ನಾನು ಕಣ್ಣಲ್ಲಿ ನೋಡ್ಬೇಕು. ಕ್ಷಮಿಸಿದೀನಿ ಅಂತ ಮಾತ್ರ ಬರೀಬೇಡಿ. ಇನ್ನೂ ಕ್ಷಮಿಸಿಲ್ಲ. ಬಾ ಅಂತ ಬರೀರಿ.’

ಇಷ್ಟು ಹೇಳಿ ಗೋಡೆಯ ಕಡೆ ತಿರುಗಿ ಮಲಗಿದ್ದಾರೆ. ಅಳುತ್ತಿದ್ದಾರೆ. ಅದನ್ನು ಬರೆಯಬೇಡಿ ಎಂದೂ ಹೇಳಿದ್ದಾರೆ.

ನಾಳೆ ನಿಮ್ಮ ಪರೀಕ್ಷೆ ಮುಗಿಯುತ್ತದೆ ಎಂದು ಅವರೇ ನೆನಪಿಸಿದರು. ಇದನ್ನು ಕೊರಿಯರಿನಲ್ಲಿ ಕಳಿಸುತ್ತಿದ್ದೇನೆ. ಇನ್ನೂ ಒಂದು ವಾರ ಇಲ್ಲೇ ಇರುತ್ತೇವೆ. ಎರಡನೆಯ ಮಹಡಿ, ಹೆಂಗಸರ ವಾರ್ಡು, ಒಂಬತ್ತನೆಯ ಮಂಚ. ಸಂಜೆ ನಾಲ್ಕರಿಂದ ಆರರವರೆಗೆ ಬಿಡುತ್ತಾರೆ, ಒಂದು ಸಲಕ್ಕೆ ಒಬ್ಬರೇ. ನೀವು ಬಂದಾಗ ನಾನು ಹೊರಗೆ ಬೆಂಚಿನ ಮೇಲೆ ಕೂತಿರುತ್ತೇನೆ. ಆರು ಗಂಟೆಯವರೆಗೂ ಒಳಗೆ ಬರುವುದಿಲ್ಲ.

ಇಂತಿ,
ನಿಮ್ಮ ಭಾವ